ಸಮುದ್ರ ಅವಳಿಗೆ, ಆಸ್ಪತ್ರೆ ನನಗೆ

11 ನವೆಂಬರ್, ಮಂಗಳವಾರ. ಬೆಳಿಗ್ಗೆ

ಉಪ್ಪು ಬೇಗ ಕರಗುತ್ತಿಲ್ಲ. ಅಕ್ಕಲಕೋಟೆಯಲ್ಲಿ ಈ ಸಲ ಚಳಿ ಮುಂಚೆಯೇ ಬಂತು. ಬಕೆಟ್ಟಿಗೆ ಹೀಟರ್ ಬಿಟ್ಟು ಕಲಕುತ್ತ ಕೂತೆ. ಆಮೇಲೆ ಗಾಜಿನ ಡಬ್ಬಿಯ ನೀರು ಬದಲಿಸಿದೆ. ಒಂದು ಚಿಟಿಕೆ ಮೀನಿನ ಊಟವನ್ನೂ ಉದುರಿಸಿದೆ. ಒಳಗೆ ಮೀನಿಲ್ಲ.

ಇವರು ಅಂಗಡಿಗೆ ಹೊರಟವರು ಬಾಗಿಲಲ್ಲೇ ನಿಂತರು. "ಇಲ್ಲದ ಮೀನಕ ಊಟಾ ಹಾಕಾಕತ್ತಿ. ಮಂದಿ ನೋಡಿದ್ರ ಏನಂದಾರು?"

"ಮಂದೀಗ ಚಾದರ ಮಾರ್ರಿ, ಹೋಗ್ರಿ" ಅಂದೆ.

ಊಟ ಮೀನಿಗಲ್ಲ. ನೀರು ಸೋಸುವ ಸ್ಪಂಜಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ, ಮೀನಿನ ಹೊಲಸು ತಿಂದು ನೀರು ಶುದ್ಧ ಮಾಡುವವು. ಅವು ಉಪವಾಸ ಸತ್ತರೆ ಡಬ್ಬಿಯೂ ಸತ್ತಂತೆ. ಇದು ಕಾಯಿಲೆ ಮೀನಿನ ಆಸ್ಪತ್ರೆ. ರೋಗಿ ಇಲ್ಲ ಅಂತ ಯಾರಾದರೂ ಆಸ್ಪತ್ರೆಗೆ ಬೀಗ ಹಾಕುತ್ತಾರೆಯೇ?

ಮನೆ ಪಾಲಾದಾಗ ನನಗೆ ಬಂದದ್ದು ಇದೇ. ಡಬ್ಬಿ, ಟೆಸ್ಟ್ ಕಿಟ್, ಔಷಧದ ಬಾಟಲಿಗಳು. ಅವು ಏನೆಂದು ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಉಳಿದವು. ಸಮುದ್ರ ಮೀನಿನ ದೊಡ್ಡ ಟ್ಯಾಂಕು ಸೊಲ್ಲಾಪುರದಲ್ಲಿ, ವಿಜಾಪುರ ರಸ್ತೆಯ ಮನೆಯ ಗೋಡೆಯಲ್ಲಿ ಕೂರಿಸಿದ್ದು. ಮನೆ ಭಾವ ಧರ್ಮರಾಜರಿಗೆ. "ಗೋಡಿ ಯಾರದೋ ಅದೂ ಅವರ್ದ" ಅಂದುಬಿಟ್ಟಳು ನೆಗೆಣ್ಣಿ ಶೀತಲ, ಹಿರಿಯರೆಲ್ಲ ಕೂತಿರುವಾಗ. ಯಾರೂ ಏನೂ ಅನ್ನಲಿಲ್ಲ. ಇವರೂ ಅನ್ನಲಿಲ್ಲ. ಸೊಲ್ಲಾಪುರದಲ್ಲಿ ಕುಡಿಯುವ ನೀರೇ ನಾಲ್ಕು ದಿನಕ್ಕೊಮ್ಮೆ. ಆ ಊರಿನಲ್ಲಿ ಡ್ರಮ್ಮಿನೊಳಗೆ ಸಮುದ್ರ ಕಲಸಿ ಏಳು ವರ್ಷ ಮೀನು ಸಾಕಿದವಳು ನಾನು.

ಸಮುದ್ರ ಅವಳಿಗೆ, ಆಸ್ಪತ್ರೆ ನನಗೆ.

ಇದನ್ನೆಲ್ಲ ಕನ್ನಡದಲ್ಲೇ ಬರೆಯುವುದು. ನಾನು ಕಲಿತ ತಡವಳದ ಕನ್ನಡ ಸಾಲೆ ಈಗ ಉಪಯೋಗಕ್ಕೆ ಬಂತು. ಮಕ್ಕಳು ಮರಾಠಿ ಸಾಲೆಯವರು, ಇವರಿಗೆ ಬಸ್ಸಿನ ಬೋರ್ಡು ಓದುವಷ್ಟು ಬರುತ್ತದೆ. ಮುಚ್ಚಿಡುವ ಕೆಲಸವೇ ಇಲ್ಲ.

ಅದೇ ದಿನ, ಮಧ್ಯಾಹ್ನ

ಶೀತಲಳ ಸ್ಟೇಟಸ್. ಪುಣೆಯಿಂದ ಹೊಸ ಮೀನು ತರಿಸಿದ್ದಾಳೆ. ತಿಳಿ ನೀಲಿ ಮೈ, ಬೆನ್ನ ಮೇಲೆ ಹಳದಿ ಅಂಚು. ಚೆಂದ ಇದೆ, ಇಲ್ಲ ಅನ್ನಲಾರೆ. ಚೀಲ ಕತ್ತರಿಸಿ ನೇರ ಟ್ಯಾಂಕಿಗೆ ಸುರಿಯುವುದನ್ನೇ ವಿಡಿಯೋ ಮಾಡಿದ್ದಾಳೆ. ಹಿಂದೆ ಹಾಡು ಬೇರೆ.

ಹೊಸ ಮೀನು ಬಂದರೆ ತಿಂಗಳ ಮೇಲೆ ಬೇರೆ ಇಡಬೇಕು, ಆಸ್ಪತ್ರೆಯಲ್ಲಿ, ಒಂಟಿಯಾಗಿ. ಈ ನೀಲಿ ಜಾತಿಯಂತೂ ರೋಗದ ಗಂಟು ಹೊತ್ತುಕೊಂಡೇ ಬರುತ್ತದೆ. ಅವಳಿಗೆ ಗೊತ್ತಿಲ್ಲ. ಗೊತ್ತಿದ್ದರೂ ಇಡುವುದೆಲ್ಲಿ? ಆಸ್ಪತ್ರೆ ಇಲ್ಲಿದೆಯಲ್ಲ.

ಇಷ್ಟು ಅವಸರ ಯಾಕೆಂದರೆ ಅವಳ ಮಗಳು ದೀಪಾಲಿಯ ಸಾಖರಪುಡಾ, ನಿಶ್ಚಿತಾರ್ಥ, 23ನೇ ತಾರೀಖು ಭಾನುವಾರ. ಬೀಗರು ಲಾತೂರಿನವರು. ಮನೆಯ ಹಾಲ್‌ನಲ್ಲೇ, ಟ್ಯಾಂಕಿನ ಮುಂದೆಯೇ ಕಾರ್ಯಕ್ರಮ. ದೀಪಾಲಿ ಒಳ್ಳೆಯ ಹುಡುಗಿ. ತಾಯಿಯನ್ನು ಆರಿಸಿಕೊಳ್ಳುವುದು ಯಾರ ಕೈಯಲ್ಲೂ ಇಲ್ಲ.

14 ನವೆಂಬರ್, ಶುಕ್ರವಾರ

ದೀಪಾಲಿ ಪೇಪರ್ ಕಟಿಂಗ್ ಕಳಿಸಿದ್ದಾಳೆ. ಮರಾಠಿ ಪೇಪರಿನ ಮಹಿಳಾ ಪುರವಣಿ. ಪೈಠಣಿ ಉಟ್ಟು ನಿಂತ ಶೀತಲ, ಹಿಂದೆ ನನ್ನ ಟ್ಯಾಂಕು. ಹೆಡ್ಡಿಂಗು: ಸೊಲ್ಲಾಪುರಕ್ಕೆ ಸಮುದ್ರ ತಂದ ಗೃಹಿಣಿ. ದಿನಾ ಬೆಳಿಗ್ಗೆ ಮೀನುಗಳ ಜೊತೆ ಮಾತಾಡುತ್ತಾಳಂತೆ. ನನ್ನ ಜೊತೆ ಮಾತು ಬಿಟ್ಟು ಯಾವ ಕಾಲವಾಯಿತು!

ನನ್ನ ಹೆಸರು ಎಲ್ಲೂ ಇಲ್ಲ. ಎರಡು ಸಲ ಹುಡುಕಿದೆ. ನಾಚಿಕೆಯಾಗಬೇಕು ನನಗೆ. ಆಗಲಿಲ್ಲ, ಮೂರನೇ ಸಲವೂ ಹುಡುಕಿದೆ.

ತತ್ತಿಯೂ ಹೊಸ್ತಿಲು ದಾಟದ ಮನೆ ನಮ್ಮದು. ಮೀನಿಗೆಂದು ಸಿಗಡಿ ಪ್ಯಾಕೆಟ್ ತಂದಾಗ ಇದೇ ಶೀತಲ ಮೂಗು ಮುಚ್ಚಿಕೊಂಡು ಫ್ರಿಜ್ಜಿನ ಬಾಗಿಲಿಗೆ ಅಡ್ಡ ನಿಂತಿದ್ದಳು. ಮೈಲಿಗೆ ಅಂತ. ಕೊನೆಗೆ ಅತ್ತೆ ಪಾರ್ವತಿಬಾಯಿಯೇ ತಮ್ಮ ಕೋಣೆಯ ಸಣ್ಣ ಫ್ರಿಜ್ ಬಿಟ್ಟುಕೊಟ್ಟರು. "ಅವುಕ್ಕ ಅವುರ ಊಟ, ನಮಗ ನಮ್ಮ ಊಟ. ಶಿವಾ ಬರದಾನ" ಅಂದಿದ್ದರು. ಆಗ ಮೂಗು ಮುಚ್ಚಿದವಳು ಈಗ ಪೇಪರಿನಲ್ಲಿ.

ಹೊಟ್ಟೆ ಉರಿಯುತ್ತಿದೆ. ಬರೆದೇಬಿಡುತ್ತೇನೆ. ಅವಳು ಆ ಹಾಲ್‌ನಲ್ಲಿ, ಬೀಗರ ಮುಂದೆ, ಅದೇ ಟ್ಯಾಂಕಿನ ಪಕ್ಕ ತಲೆ ತಗ್ಗಿಸಿ ನಿಲ್ಲಬೇಕು. ನಾನು ಅಲ್ಲಿದ್ದು ನೋಡಬೇಕು.

15 ನವೆಂಬರ್, ಶನಿವಾರ. ಬೆಳಿಗ್ಗೆ 8

ಸ್ಟೇಟಸ್ ನೋಡಿದೆ. ಚಷ್ಮಾ ಹಾಕಿಕೊಂಡು ಮತ್ತೆ ನೋಡಿದೆ.

ಗೌಡತಿ ಹೂವು ಬಿಟ್ಟು ಹೊರಗೆ ಬಂದಿದ್ದಾಳೆ.

ಗೌಡತಿ ಅಂದರೆ ನನ್ನ ಮೊದಲ ಮೀನು. ಕಿತ್ತಳೆ ಮೈ, ಬಿಳಿ ಪಟ್ಟಿ. ಗಂಡ ಗೌಡ ಅವಳ ಅರ್ಧದಷ್ಟಿದ್ದಾನೆ. ಈ ಜಾತಿಯಲ್ಲಿ ಹೆಣ್ಣೇ ದೊಡ್ಡದು, ಯಜಮಾನಿಕೆಯೂ ಅದರದೇ. ಅವರ ಮನೆ ಸಮುದ್ರದ ಹೂವು. ಹೂವು ಅಂತ ನಾನು ಕರೆಯುವುದು, ನಿಜಕ್ಕೂ ಅದೂ ಪ್ರಾಣಿಯೇ. ಬೆರಳಿನಂಥ ಎಸಳು ಬೀಸುತ್ತ ಕಲ್ಲಿಗೆ ಅಂಟಿ ಕೂತಿರುತ್ತದೆ. ಗೌಡತಿ ಅದನ್ನು ಬಿಟ್ಟು ಗೇಣುದ್ದ ದೂರ ಹೋದವಳಲ್ಲ. ಇವತ್ತು ಮೇಲೆ, ಅಲೆ ಎಬ್ಬಿಸುವ ಪಂಪಿನ ಬಾಯಿಗೆ ಮುಖ ಕೊಟ್ಟು ನಿಂತಿದ್ದಾಳೆ. ಕಿವಿರು ಪಟಪಟ ಬಡಿಯುತ್ತಿದೆ. ಉಸಿರು ಸಾಲುತ್ತಿಲ್ಲ. ಹೊಸ ನೀಲಿ ಮೀನು ಕಲ್ಲಿಗೆ ಮೈ ಉಜ್ಜುತ್ತಿದೆ.

ರವೆ ಕಾಳಿನಂಥ ಬಿಳಿ ಚುಕ್ಕೆ ಇದ್ದರೆ ಅದೊಂದು ರೋಗ. ನಿಧಾನದ್ದು, ತಡೆದುಕೊಳ್ಳಬಹುದು. ಇದು ಅದಲ್ಲ. ವಿಡಿಯೋ ನಿಲ್ಲಿಸಿ ದೊಡ್ಡದು ಮಾಡಿದೆ. ದೀಪದ ಕಡೆ ಓರೆಯಾದಾಗ ಮೈಮೇಲೆ ಬಂಗಾರದ ಪುಡಿ, ಅರಿಶಿನಕ್ಕಿಂತ ಸಣ್ಣದು. ಈ ರೋಗದ ಹೆಸರು ವೆಲ್ವೆಟ್. ಚರ್ಮದ ಮೇಲೆ ಕಾಣುವ ಹೊತ್ತಿಗೆ ಒಳಗೆ ಕಿವಿರನ್ನು ತಿಂದಿರುತ್ತದೆ. ಎಲ್ಲ ಮೀನುಗಳನ್ನೂ ತಕ್ಷಣ ಹೊರಗೆ ತೆಗೆದು, ಬೇರೆ ಡಬ್ಬಿಯಲ್ಲಿ ತಾಮ್ರದ ಔಷಧ ಕೊಡಬೇಕು. ಇಲ್ಲದಿದ್ದರೆ ಕೆಲವೇ ದಿನ.

ಅವಳು ಕೆಳಗೆ ಬರೆದಿದ್ದಾಳೆ: "ಸೋನೇರಿ ಚಮಕ!" ಬಂಗಾರದ ಹೊಳಪಂತೆ. ರೋಗಕ್ಕೆ ದೃಷ್ಟಿ ತೆಗೆಯುವುದೊಂದು ಬಾಕಿ.

ನಂಬರ್ ಒತ್ತಿದೆ. ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಪೇಪರಿನ ಗೃಹಿಣಿ ನೋಡಿಕೊಳ್ಳಲಿ. ಉಪ್ಪು ತಿಂದವರು ನೀರು ಕುಡಿಯಲೇಬೇಕು.

ಸಂಜೆ

ಕೈಗೆ ಕೆಲಸ ಹತ್ತುತ್ತಿಲ್ಲ. ರೊಟ್ಟಿ ಹೊತ್ತಿಸಿದೆ. ಇವರು ಕರಕು ಕೆರೆದು ತಿಂದರು.

ಗೌಡತಿ ಏನು ಪಾಪ ಮಾಡಿದ್ದಾಳೆ... ಇಲ್ಲ. ಮೃದುವಾಗಬಾರದು. ಮೃದುವಾದವರಿಗೆ ಸಿಕ್ಕಿದ್ದೇನೆಂದು ಪಾಲಿನ ದಿನ ನೋಡಿದ್ದೇನೆ.

16 ನವೆಂಬರ್, ಭಾನುವಾರ

ಒಂದು ತಪ್ಪು ಲೆಕ್ಕ ಹಾಕಿದ್ದೆ. ಈ ರೋಗ ಮುಂದಿನ ಭಾನುವಾರದ ತನಕ ಕಾಯುವುದಿಲ್ಲ. ಬುಧವಾರಕ್ಕೆಲ್ಲ ಮುಗಿಸುತ್ತದೆ. ಅವಳು ಗುರುವಾರ ಟ್ಯಾಂಕು ತೊಳೆಸಿ, ಶುಕ್ರವಾರ ಪುಣೆಯಿಂದ ಹೊಸ ಮೀನು ತಂದು ತುಂಬಿ, ಭಾನುವಾರ ಪೈಠಣಿ ಉಟ್ಟು ನಿಲ್ಲುತ್ತಾಳೆ. ಬೀಗರಿಗೆ ಏನೂ ಗೊತ್ತಾಗುವುದಿಲ್ಲ. ಸಾಯುವುದು ನನ್ನ ಮೀನು, ಮೆರೆಯುವುದು ಅವಳು. ಇಂಥ ಸೇಡು ಯಾರಿಗೆ ಬೇಕು?

ಅಂದರೆ ಮೀನು ಬದುಕಬೇಕು. ಅವಳದ್ದು ಹಾಳಾಗಬೇಕು.

ಅವಳದ್ದು ಅಂದರೆ ಹವಳ. ನಾವು ಮನೆ ಬಿಟ್ಟ ಮೇಲೆ ಮುಂಬೈಯಿಂದ ತರಿಸಿ ಜೋಡಿಸಿದ್ದು. ನೇರಳೆ, ಹಸಿರು, ಗುಲಾಬಿ. ಪುರವಣಿಯ ಫೋಟೋದಲ್ಲಿ ಎದ್ದು ಕಾಣುವುದು ಅವೇ. ತಾಮ್ರ ಮೀನಿಗೆ ಮದ್ದು, ಹವಳಕ್ಕೆ ವಿಷ. ಸಿಗಡಿಗೆ, ಶಂಖದ ಹುಳಕ್ಕೆ, ಹೂವಿಗೆ ಎಲ್ಲಕ್ಕೂ ವಿಷ. ಅದಕ್ಕೇ ಆಸ್ಪತ್ರೆ ಬೇರೆ ಇರುವುದು. ಯಾರಾದರೂ ಅದೇ ತಾಮ್ರವನ್ನು ದೊಡ್ಡ ಟ್ಯಾಂಕಿಗೇ ಸುರಿದರೆ? ಮೀನಿಗೆ ವಾಸಿ. ಹವಳದ ತೋಟ ಮೆತ್ತಗಾಗಿ, ಕೊಳೆತು, ಭಾನುವಾರದ ಹೊತ್ತಿಗೆ ಹಾಲ್ ತುಂಬ ನಾತ. ಸಿಗಡಿ ಪ್ಯಾಕೆಟ್ಟಿಗೆ ಮೂಗು ಮುಚ್ಚಿದವಳು ಬೀಗರಿಗೆಲ್ಲ ಕರವಸ್ತ್ರ ಹಂಚಬೇಕು.

ನಾನು ಸುಳ್ಳು ಹೇಳಬೇಕಾಗಿಯೇ ಇಲ್ಲ. ಅರ್ಧ ಹೇಳಿದರೆ ಸಾಕು.

ಹೂವು ಸಾಯುತ್ತದೆ. ಅದು ನಾನು ಇಟ್ಟದ್ದು. ಸಾಯಲಿ. ಗೌಡತಿ ಬದುಕಿದರೆ ಹೂವು ಇನ್ನೊಂದು ಸಿಗುತ್ತದೆ.

17 ನವೆಂಬರ್, ಸೋಮವಾರ. ಬೆಳಿಗ್ಗೆ 10

ಬಂತು ಫೋನು. ಅವಳಾಗಿಯೇ.

"ಅಗಂ ಉಜ್ವಲಾ, ಕಶೀ ಆಹೇಸ?" ದನಿಯಲ್ಲಿ ಬೆಲ್ಲ. ಆರಾಮ ಅಂದೆ. ಸಾಖರಪುಡಾಕ್ಕೆ ಒಂದು ದಿನ ಮೊದಲೇ ಬಾ ಅಂದಳು. ಯಾವ ಸೀರೆ ಉಡ್ತಿ ಅಂದಳು. ಆಮೇಲೆ ಬಂದಳು ದಾರಿಗೆ.

"ಮೀನಗೋಳು ಜರಾ ಸುಸ್ತ ಅದಾವ. ಆ ನವಾ ನೀಲಿ ಸಕಾಳಿ ನೋಡಿದ್ರ... ಗೇಲಾ, ಸತ್ತ ಹೋಗಿತ್ತು. ದೀಪಾಲಿ ಅಂದ್ಲು, ಕಾಕುನ ಕೇಳು ಅಂತ."

ಚಿಕ್ಕಮ್ಮನನ್ನು ಕೇಳು ಅಂತ ದೀಪಾಲಿ ಅಂದಳಂತೆ. ಇವಳಿಗೆ ಬೇಕಿರಲಿಲ್ಲವಂತೆ.

"ತಾಮ್ರದ ಔಷಧ ಬೇಕ್ರಿ ಅಕ್ಕಾರ" ಅಂದೆ. "ಕಾಪರ್. ಪುಣೇದಾಗ ನೀವು ಮೀನ ತಂದ ಅಂಗಡ್ಯಾಗ ಸಿಗತದ."

"ಕುಠೆ ಹಾಕೂದು? ಟ್ಯಾಂಕಿನಾಗ?"

ಒಂದು ಕ್ಷಣ ಇತ್ತು. ಹೇಳಬಹುದಿತ್ತು.

"ನೀರಾಗ ಹಾಕ್ರಿ" ಅಂದೆ.

"ಬಸ್, ಎವಢಂಚ್?"

"ಬಸ್, ಅಷ್ಟ."

ಬಾಟಲಿಯ ಮೇಲೆ ಬರೆದೇ ಇರುತ್ತದೆ, ಹವಳ ಇರುವ ನೀರಿಗೆ ಹಾಕಬೇಡಿ ಅಂತ. ಸಣ್ಣ ಅಕ್ಷರದಲ್ಲಿ. ಅವಳು ಹೆಡ್ಡಿಂಗು ಮಾತ್ರ ಓದುವವಳು. ಕೊರಿಯರ್ ಬರಲು ಎರಡು ದಿನ ಹಿಡಿಯುತ್ತದೆ ಅಂತ ಗೋಗರೆದಳು. ಅದೇ ಬಾಟಲಿ ನನ್ನ ಕಪಾಟಿನಲ್ಲಿದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಹೇಳಲಿಲ್ಲ.

ಹೊಟ್ಟೆಗೆ ಹಾಲು ಸುರಿದಂತಾಯಿತು.

18 ನವೆಂಬರ್, ಮಂಗಳವಾರ

ಶೇಂಗಾ ಹಿಂಡಿ ಕುಟ್ಟಿದೆ. ತಲೆಗೆ ಎರೆದುಕೊಂಡೆ. ಮೋತಿ ಬಣ್ಣದ ಇಳಕಲ್ ಸೀರೆ ಇಸ್ತ್ರಿಗೆ ಕೊಟ್ಟೆ. ಹಾಡು ಗುನುಗುತ್ತಿದ್ದೆ ಅಂತ ಕಾಣುತ್ತದೆ, ಇವರು ಊಟಕ್ಕೆ ಬಂದವರು ಅನುಮಾನದಿಂದ ನೋಡಿದರು.

"ಏನ ಭಾರಿ ಖುಷಿ?"

"ದೀಪಾಲಿ ಸಾಖರಪುಡಾ ಐತೆಲ್ರಿ."

"ಮನ್ನಿತನಾ ಹೋಗೂದಿಲ್ಲ ಅಂತಿದ್ದಿ."

"ಈಗ ಹೋಗ್ತೀನಿ ಅನ್ನಾಕತ್ತೀನಿ."

ಸುಮ್ಮನಾದರು. ಈ ಮನುಷ್ಯ ಸುಮ್ಮನಾಗಿದ್ದಕ್ಕೇ ಟ್ಯಾಂಕು ಹೋದದ್ದು.

19 ನವೆಂಬರ್, ಬುಧವಾರ. ಮಧ್ಯಾಹ್ನ 12

ದೀಪಾಲಿ ಫೋಟೋ ಕಳಿಸಿದ್ದಾಳೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ.

ಟ್ಯಾಂಕಿನ ಒಳಗೆ ಅತ್ತೆಯ ತಾಮ್ರದ ಸಾಮಾನು. ತಂಬಿಗೆ, ಚೆರಗಿ, ಪೂಜೆಯ ಕೊಡ, ಸ್ನಾನದ ಮನೆಯ ಸಣ್ಣ ಹಂಡೆ ಕೂಡ. ಹವಳದ ನಡುವೆ ಸಾಲಾಗಿ. ಹುಣಸೆ ಹಚ್ಚಿ ಬೆಳಗಿದ್ದಾರೆ, ಫಳಫಳ.

ಜೊತೆಗೆ ವಾಯ್ಸ್ ಮೆಸೇಜ್. "ಕಾಕು, ನೀವು ತಾಮ್ರದ ಔಷಧ ಅಂದಿದ್ರೆಲ್ಲ. ಕೊರಿಯರ್ ಇನ್ನಾ ಬಂದಿಲ್ಲ. ಅಜ್ಜಿ ಅಂದ್ರು, ತಾಮ್ರ ಅಂದ್ರ ತಾಮ್ರನ, ಬಾಟ್ಲಿ ಯಾಕ ಬೇಕು, ನಾ ಅರವತ್ತ ವರ್ಷ ತಾಮ್ರದ ನೀರ ಕುಡದೀನಿ, ಒಂದ ದಿನ ದವಾಖಾನಿ ನೋಡಿಲ್ಲ. ನಿನ್ನೆ ಬೆಳಿಗ್ಗೇನ ಎಲ್ಲಾ ಇಟ್ಟಾರ. ಖರೇ ಈಗ ಹೂವು ಮುದುಡೇದ. ಇದು ಬರೋಬರ ಏನು?"

ಅತ್ತೆ ದಿನಾ ತಾಮ್ರದ ತಂಬಿಗೆಯಲ್ಲಿ ನೀರು ತುಂಬಿಟ್ಟು, ಮರುದಿನ ಎದ್ದ ಕೂಡಲೇ ಗಟಗಟ ಕುಡಿಯುವವರು. ಈ ಕಡೆ ಯಾವ ಮನೆಯಲ್ಲಿ ಕುಡಿಯುವುದಿಲ್ಲ? ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನನ್ನ ಕಣ್ಣು ಭಾನುವಾರದ ಮೇಲಿತ್ತು.

ಬಾಟಲಿಯ ಔಷಧಕ್ಕೆ ಅಳತೆ ಇದೆ, ಅಳೆಯಲು ಕಿಟ್ ಇದೆ. ಹಂಡೆಗೆ ಅಳತೆ ಇಲ್ಲ. ಹುಣಸೆ ಹಚ್ಚಿದ ಹಸಿ ತಾಮ್ರ ಉಪ್ಪು ನೀರಿನಲ್ಲಿ ಬಿಡುತ್ತಲೇ ಇರುತ್ತದೆ, ಬಿಡುತ್ತಲೇ ಇರುತ್ತದೆ. ಹವಳ ಮಾತ್ರ ಸಾಯುವುದಿಲ್ಲ. ಕೊಳೆಯುವ ಹೂವಿನ ವಿಷ ಬೇರೆ ಸೇರುತ್ತದೆ. ಮೀನೂ

ಎಲ್ಲ ತೆಗೆಯಿರಿ ಅಂತ ಫೋನಿನಲ್ಲಿ ಕಿರುಚಿದೆ. ಇವರಿಗೆ ಛೋಟಾ ಹಾಥಿ, ಅಂಗಡಿಯ ಸಣ್ಣ ಟೆಂಪೋ, ತರಲು ಹೇಳಿದ್ದೇನೆ. ಚಾದರದ ಗಂಟು ಇಳಿಸುತ್ತಿದ್ದಾರೆ. ಡಬ್ಬಿಯನ್ನು ಒಯ್ಯಲಾಗದು. ಬಕೆಟ್, ಮುಚ್ಚಳ, ಬ್ಯಾಟರಿ ಪಂಪು, ಉಪ್ಪು ನೀರು, ಸಿಹಿ ನೀರು. ಹೊರಟೆ.

20 ನವೆಂಬರ್, ಗುರುವಾರ

ಗೌಡತಿ ಇಲ್ಲಿದ್ದಾಳೆ. ಬದುಕಿದ್ದಾಳೆ. ಅವಳೊಬ್ಬಳೇ.

ನಿನ್ನೆಯದನ್ನು ಬರೆಯಬೇಕು.

ಬಾಗಿಲು ತೆರೆದರೆ ನಾತ. ನಾನು ಬಯಸಿದ್ದ ನಾತವೇ, ನಾಲ್ಕು ದಿನ ಮುಂಚೆ ಬಂದಿತ್ತು. ನೀರು ಮಜ್ಜಿಗೆಯ ಹಾಗೆ. ಹೂವು ಕಲ್ಲಿನಿಂದ ಬಿಟ್ಟು ಎಳೆ ಎಳೆಯಾಗಿ ತೇಲುತ್ತಿತ್ತು. ನಾನು ಸಾಕಿದ್ದ ಹಳದಿ ಮೀನು ಸತ್ತಿತ್ತು. ಗೌಡ ಹೂವು ಇದ್ದ ಜಾಗದಲ್ಲೇ, ಕಲ್ಲಿನ ಸಂದಿಯಲ್ಲಿ ಸತ್ತುಬಿದ್ದಿದ್ದ. ಮನೆ ಬಿಟ್ಟು ಹೋಗಿರಲಿಲ್ಲ. ಗೌಡತಿ ಮೇಲೆ ಮೂಲೆಯಲ್ಲಿ ಓರೆಯಾಗಿ ನಿಂತು ಬಾಯಿ ತೆರೆಯುತ್ತಿದ್ದಳು.

ಶೀತಲ ಮೊಣಕೈ ತನಕ ನೀರಿನಲ್ಲಿ. ಹಂಡೆ ತೆಗೆಯುತ್ತಿದ್ದಳು, ಅಳುತ್ತಿದ್ದಳು. ಆ ಕೈ ನೋಡಿದೆ. ಬೆರಳ ತುದಿಯೆಲ್ಲ ಸೀಳಿದೆ. ಉಪ್ಪು ಕಲಸಿ ಕಲಸಿ ಆಗುವ ಸೀಳು. ಏಳು ವರ್ಷ ನನ್ನ ಕೈಯೂ ಹಾಗೇ ಇತ್ತು, ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗುತ್ತಿದ್ದೆ. ಇವಳು ಕೆಲಸದವರ ಕೈಯಲ್ಲಿ ಮಾಡಿಸುತ್ತಾಳೆ ಅಂತ ತಿಳಿದಿದ್ದೆ. ಅಲ್ಲ. ತಾನೇ ಮಾಡಿದ್ದಾಳೆ. ಅದು ಗೊತ್ತಾಗಿದ್ದು ನನಗೆ ಸ್ವಲ್ಪವೂ ಇಷ್ಟವಾಗಲಿಲ್ಲ.

"ನೀ ಸಾಂಗಿತಲಂ ತೇಚ ಕೇಲಂ" ಅಂದಳು. "ನೀ ಹೇಳಿದ್ದನ್ನ ಮಾಡೀವಿ, ಉಜ್ವಲಾ. ಹಿಂಗ್ಯಾಕ ಆತು?"

ಬಲೆಯಲ್ಲಿ ಗೌಡತಿಯನ್ನು ಹಿಡಿದೆ. ಹಿಡಿಯಲು ಕಷ್ಟವೇ ಆಗಲಿಲ್ಲ, ಅದೇ ಕೆಟ್ಟ ಲಕ್ಷಣ. ಅಷ್ಟೇ ಬಿಸುಪಿನ ಸಿಹಿ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿದೆ. ಮೈಮೇಲಿನ ಪುಡಿ ಉದುರಬೇಕು, ಮೀನು ತಡೆದುಕೊಳ್ಳಬೇಕು. ಒಂದು ಸಲ ಮಗುಚಿಕೊಂಡಳು. ಕೈಯಲ್ಲಿ ಆನಿಸಿ ಹಿಡಿದೆ. ಆಮೇಲೆ ಉಪ್ಪು ನೀರಿನ ಬಕೆಟ್ಟಿಗೆ.

ಅತ್ತೆ ಸೋಫಾದ ಅಂಚಿಗೆ ಕೂತಿದ್ದರು, ಸೆರಗಿನ ತುದಿ ಹಿಂಡುತ್ತ.

"ಯವ್ವಾ, ನಿನ್ನ ಮೀನಾ ನಿನಗ ಒಪ್ಪಸಬೇಕಂತ ಮಾಡಿದ್ನೆವ್ವಾ. ನಾಳೆ ನೀ ಬಂದು ನನ್ನ ಮೀನಾ ಎಲ್ಲಿ ಅಂದ್ರ ಏನ ಹೇಳ್ಲಿ? ಅದಕ್ಕ ಎಲ್ಲಾ ಬೆಳಗಿ ಇಟ್ಟೆ. ನನ್ನ ತಂಬಿಗೀನ ಕೊಂದ್ತು ಏನ?"

ನಿನ್ನ ಮೀನು ಅಂದರು. ಆ ಮನೆಯಲ್ಲಿ ಹಾಗಂದವರು ಅವರೊಬ್ಬರೇ. ಪುರವಣಿಯಲ್ಲಿ ನಾನು ಮೂರು ಸಲ ಹುಡುಕಿದ್ದು ಈ ಒಂದು ಮಾತನ್ನೇ.

ಆಗಲೇ ಹೇಳಬೇಕಿತ್ತು. ತಂಬಿಗೆ ಅಲ್ಲ ಅತ್ತೆ, ನಾನು ಅಂತ. ಶೀತಲ ಅಲ್ಲೇ ನಿಂತಿದ್ದಳು. ಅವಳ ಮುಂದೆ ಬಾಯಿ ಬರಲಿಲ್ಲ. "ಗೌಡತಿಗೆ ಹೊತ್ತಾಗ್ತದ" ಅಂದೆ, ಬಕೆಟ್ ಎತ್ತಿಕೊಂಡೆ. ನೀರು ಸೋರುತ್ತಿದ್ದ ಆ ತಂಬಿಗೆಯನ್ನೂ ಯಾಕೋ ಎತ್ತಿಕೊಂಡು ಬಂದೆ. ದಾರಿಯಲ್ಲಿ ವಳಸಂಗ ದಾಟುವ ತನಕ ತೊಡೆಯ ಮೇಲೆ ಅದಿದ್ದದ್ದು ಗೊತ್ತೇ ಆಗಲಿಲ್ಲ.

ಖಾಲಿ ಆಸ್ಪತ್ರೆಗೆ ದಿನಾ ಊಟ ಹಾಕಿದ್ದು ಸಾರ್ಥಕ. ನೀರು ತಯಾರಿತ್ತು. ಈಗಾಗಲೇ ಮೈಯೊಳಗೆ ಎಷ್ಟು ತಾಮ್ರ ಹೋಗಿದೆಯೋ ಗೊತ್ತಿಲ್ಲ, ಹಾಗಾಗಿ ಇವತ್ತು ಔಷಧವಿಲ್ಲ. ನಾಳೆಯಿಂದ ತೊಟ್ಟು ತೊಟ್ಟು, ಅಳೆದು.

ಅತ್ತೆಯ ಮೇಲಿನ ಸಿಟ್ಟು ಕೊತ್ತಿಯ ಮೇಲೆ ಅಂತಾರೆ. ನನಗೆ ಅತ್ತೆಯ ಮೇಲೆ ಸಿಟ್ಟಿರಲಿಲ್ಲ. ಕೊತ್ತಿಯ ಮೇಲೂ ಇರಲಿಲ್ಲ.

23 ನವೆಂಬರ್, ಭಾನುವಾರ. ಸಂಜೆ

ಹೋಗಿ ಬಂದೆವು. ಇಳಕಲ್ ಉಡಲಿಲ್ಲ.

ಟ್ಯಾಂಕಿಗೆ ನಮ್ಮದೇ ಅಂಗಡಿಯ ಚಾದರ ಹೊದಿಸಿದ್ದಳು, ಮಯೂರದ ಡಿಸೈನಿನದು. ಊದುಬತ್ತಿ ಕಟ್ಟುಗಟ್ಟಲೆ. ಆದರೂ ನಾತ ಇತ್ತು. ಬೀಗಿತ್ತಿ ಪುರವಣಿ ಓದಿಯೇ ಬಂದವರು. ಸಕ್ಕರೆ ಪೊಟ್ಟಣ ಕೊಟ್ಟು ಮುಗಿದದ್ದೇ ತಡ, "ಸಮುದ್ರ ದಾಖವಾ ನಾ!" ಅಂತ ಚಾದರದ ತುದಿ ತಾವೇ ಎತ್ತಿದರು. ಖಾಲಿ ನೀರು. ಬೂದು ಕಲ್ಲು. ಸುಣ್ಣದ ಹಾಗೆ ಬೆಳ್ಳಗಾದ ಹವಳ.

ನಾನು ಬಯಸಿದ ಗಳಿಗೆ. ಬಯಸಿದ ಜಾಗ. ಎಲ್ಲರ ಕಣ್ಣೂ ಶೀತಲಳ ಮೇಲೆ.

ಅವಳು ನಕ್ಕಳು. ಅತ್ತೆಯ ಕಡೆ ಕೈ ತೋರಿಸಿದಳು. "ಆಮಚ್ಯಾ ಸಾಸೂಬಾಯಿ... ತಾಮ್ರದ ಭಾಂಡಿ ಎಲ್ಲಾ ಒಳಗ ಇಟ್ಟಬಿಟ್ರು. ಸಗಳೇ ಮಾಸೇ ಗೇಲೇ. ಏನ ಮಾಡೂದ್ರಿ, ಜುನಿ ಮಾಣಸಂ!" ಮೀನೆಲ್ಲ ಸತ್ತವು, ಹಳೇ ಕಾಲದವರು, ಅಂತ. ಎಲ್ಲರೂ ನಕ್ಕರು. ಕೆಟ್ಟ ನಗೆಯಲ್ಲ, ಮುದುಕಿಯ ಮೇಲೆ ಪ್ರೀತಿಯಿಂದ ನಗುವ ನಗೆ. ಬೀಗರು, ಭಾವ ಧರ್ಮರಾಜರು ನಕ್ಕರು, ಫೋಟೋ ತೆಗೆಯುವವನೂ ನಕ್ಕ. ಅತ್ತೆಯೂ ನಗಲು ನೋಡಿದರು. ಆಗಲಿಲ್ಲ. ಎದ್ದು ಒಳಗೆ ಹೋದರು.

ನೋಡಿದೆ. ನಿಂತು ನೋಡಬೇಕು ಅಂದಿದ್ದೆನಲ್ಲ, ನೋಡಿದೆ. ತಲೆ ತಗ್ಗಿದ್ದು ಬೇರೆಯವರದು.

ಅಡುಗೆಮನೆಯಲ್ಲಿ ಅತ್ತೆ ಸ್ಟೀಲ್ ಲೋಟದಲ್ಲಿ ನೀರು ಕುಡಿಯುತ್ತಿದ್ದರು. ಆ ಕೈಯಲ್ಲಿ ಸ್ಟೀಲ್ ಲೋಟ ಯಾವತ್ತೂ ಕಂಡದ್ದಿಲ್ಲ. "ಇನ್ನ ತಾಮ್ರದಾಗ ಕುಡ್ಯಾಂಗಿಲ್ಲವ್ವಾ" ಅಂದರು. "ಜೀವಾ ತಗದ ಪಾತ್ರಿ."

ಆಗಲೂ ಹೇಳಲಿಲ್ಲ. ಥೂ.

26 ನವೆಂಬರ್, ಬುಧವಾರ

ಗೌಡತಿ ಊಟ ಉಗುಳಿದಳು. ಮೈಯ ಪುಡಿ ಕಡಿಮೆ. ಔಷಧದ ಮಟ್ಟ ಸರಿ ಇದೆ, ದಿನಾ ಎರಡು ಹೊತ್ತು ಅಳೆಯುತ್ತೇನೆ. ಡಬ್ಬಿಯ ಮೂಲೆಗೆ ಒಂದು ಪೈಪಿನ ತುಂಡು ಹಾಕಿದ್ದೇನೆ, ಹೂವಿನ ಬದಲು. ಅದರೊಳಗೆ ಹೋಗುತ್ತಾಳೆ. ಗೌಡನನ್ನು ಹುಡುಕುತ್ತಾಳೋ ಏನೋ, ಅದನ್ನು ಯಾವ ಕಿಟ್ಟೂ ಹೇಳುವುದಿಲ್ಲ.

ತಂಬಿಗೆ ಹುಣಸೆ ಹಚ್ಚಿ ತೊಳೆದೆ. ಒಳಗೆ ಹಸಿರು ಕಟ್ಟಿತ್ತು. ಹೋಯಿತು.

ಇವರಿಗೆ ಎಲ್ಲ ಹೇಳಿದೆ. ಅರ್ಧ ಹೇಳಿದ್ದು, ಯಾಕೆ ಹೇಳಿದ್ದು. ಬೈಯುತ್ತಾರೆ ಅಂದುಕೊಂಡಿದ್ದೆ. "ಪಾಲಿನ ದಿನಾ ನಾ ಒಂದ ಮಾತ ಆಡಿದ್ರ ಇದೆಲ್ಲಾ ಇರತಿದ್ದಿಲ್ಲ" ಅಂದರು. ಇಷ್ಟು ದಿನ ಆ ಮಾತು ಕೇಳಲು ಕಾದಿದ್ದೆ. ಈಗ ಬಂದು ಏನು ಮಾಡಲಿ ಅದನ್ನು?

29 ನವೆಂಬರ್, ಶನಿವಾರ

ನಾಳೆ ಎಲ್ಲರೂ ಅಕ್ಕಲಕೋಟೆಗೆ ಬರುತ್ತಾರಂತೆ, ಸ್ವಾಮಿ ಸಮರ್ಥರ ದರ್ಶನಕ್ಕೆ. ಬೀಗರು, ಭಾವ, ಶೀತಲ, ದೀಪಾಲಿ, ಅತ್ತೆ. ಊಟ ನಮ್ಮ ಮನೆಯಲ್ಲಿ. ಬೀಗಿತ್ತಿಗೆ ಉಳಿದ ಒಂದು ಮೀನು ನೋಡಬೇಕಂತೆ. ದೀಪಾಲಿ ಫೋನಿನಲ್ಲಿ ಹೇಳಿದಳು: "ಲಾತೂರದಾಗ ಎಲ್ಲಾರಿಗೂ ಅಜ್ಜಿ ಹಂಡೆದ ಗೋಷ್ಟ ಗೊತ್ತಾಗ್ಯಾದ ಕಾಕು. ನಗತಾರ. ಅಜ್ಜಿ ಅತ್ತಿತ್ತ ಬರೂದ ಬಿಟ್ಟಾರ. ಬರಾಂಗಿಲ್ಲ ಅಂತಿದ್ರು, ನಾನ ಒತ್ತಾಯ ಮಾಡೀನಿ."

ದೀಪಾಲಿ ಮದುವೆಯಾಗಿ ಹೋಗುವ ಮನೆಯಲ್ಲಿ ಅತ್ತೆ ಒಂದು ಗೋಷ್ಟವಾಗಿ, ಕಥೆಯಾಗಿ ಉಳಿಯುತ್ತಾರೆ. ಮೀನು ಕೊಂದ ಮುದುಕಿ. ಪ್ರತಿ ಹಬ್ಬದಲ್ಲೂ ಯಾರಾದರೊಬ್ಬರು ಹೇಳುತ್ತಾರೆ, ಉಳಿದವರು ನಗುತ್ತಾರೆ.

ಅದನ್ನು ನಿಲ್ಲಿಸಲು ನನ್ನ ಹತ್ತಿರ ಒಂದೇ ಮದ್ದು ಇದೆ. ಅದನ್ನು ಕೊಟ್ಟರೆ ಶೀತಲಳ ಕೈಗೆ ಕತ್ತಿ ಕೊಟ್ಟಂತೆ. ಜೀವನವಿಡೀ ಬೀಸುತ್ತಾಳೆ. ಬೀಸದಿದ್ದರೆ ಅವಳು ಶೀತಲಳೇ ಅಲ್ಲ.

30 ನವೆಂಬರ್, ಭಾನುವಾರ. ಬೆಳಿಗ್ಗೆ 9

ಗೌಡತಿ ತಿಂದಳು. ಸಿಗಡಿಯ ಒಂದು ಚೂರು, ಆಮೇಲೆ ಇನ್ನೊಂದು, ಆಮೇಲೆ ನನ್ನ ಬೆರಳಿಗೇ ಬಾಯಿ ಹಾಕಿದಳು. ಕಿವಿರು ನಿಧಾನ. ಮೈ ಬರೀ ಕಿತ್ತಳೆ, ಬಂಗಾರ ಹೋಯಿತು. ಅತ್ತುಬಿಟ್ಟೆ. ಒಳಗೆ ಬಂದ ಇವರು "ಯಾಕ?" ಅಂದರು. "ಉಂಡಾಳ್ರಿ" ಅಂದೆ. ಇವರೂ ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತರು.

ಹೋಳಿಗೆ ಆಗಿದೆ. ಕಟ್ಟಿನ ಸಾರು ಕುದಿಯುತ್ತಿದೆ. ನಿನ್ನೆಯೇ ತಂಬಿಗೆ ತುಂಬಿ, ಬಟ್ಟೆ ಮುಚ್ಚಿ, ಜಗಲಿಯ ಮೇಲೆ ಇಟ್ಟಿದ್ದೇನೆ. ಬಂದ ಕೂಡಲೇ ಅತ್ತೆಯ ಎದುರು, ಎಲ್ಲರ ಎದುರು, ಮೊದಲು ನಾನು ಅದರಿಂದ ಕುಡಿಯುತ್ತೇನೆ. ಆಮೇಲೆ ಅವರಿಗೆ ಕೊಡುತ್ತೇನೆ.

ಆಮೇಲೆ ಹೇಳುತ್ತೇನೆ. ಈ ಸಲ ಪೂರ್ತಿ. ಏಳು ವರ್ಷ ಆ ಸಮುದ್ರ ಯಾರು ಕಲಸಿದ್ದು, ಪುರವಣಿಯಲ್ಲಿ ಯಾರ ಹೆಸರು ಬಂತು. ಪಾಲಿನ ದಿನ ಯಾರು ಏನಂದರು. ಯಾರು ಫೋನ್ ಮಾಡಿದರು, ಯಾರು ಅರ್ಧ ಹೇಳಿದರು. ಬೀಗಿತ್ತಿ ಕೇಳಲಿ, ಲಾತೂರು ಕೇಳಲಿ. ನಾನು ಮುಳುಗಿದರೆ ಅವಳ ಸೆರಗು ಹಿಡಿದೇ ಮುಳುಗುವುದು. ನನ್ನ ಸೇಡು ನಾನು ಬಿಟ್ಟಿಲ್ಲ, ಯಾರೂ ಹಾಗೆ ತಿಳಿಯುವುದು ಬೇಡ. ಆದರೆ ಅತ್ತೆಯ ತಂಬಿಗೆ ಅತ್ತೆಗೆ ಸಿಗಬೇಕು.

ಹೇಗೆ ಶುರು ಮಾಡಲಿ... "ಅತ್ತಿ, ನಿಮ್ಮ ತಂಬಿಗಿ ಕೊಂದಿಲ್ಲರಿ" ಅಂತಲೇ ಶುರು ಮಾಡಬೇಕು. ಶೀತಲಳ ಕಡೆ ನೋಡಬಾರದು. ನೋಡಿದರೆ ಮತ್ತೆ ಅರ್ಧಕ್ಕೇ

ಗಾಡಿ ನಿಂತಿತು. ದೀಪಾಲಿಯ ದನಿ. ಅತ್ತೆ ಇಳಿಯುತ್ತಿದ್ದಾರೆ, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಸ್ಟೀಲ್ ಲೋಟ. ಮನೆಯಿಂದಲೇ ತಂದಿದ್ದಾರೆ, ನಮ್ಮ ಮನೆಯಲ್ಲಿ ಎಲ್ಲಿ ತಾಮ್ರದ್ದು ಕೊಟ್ಟಾರೋ ಅಂತ. ತಂಬಿಗೆ ಎಲ್ಲಿ, ಇಲ್ಲೇ ಇದೆ, ನೀರು ತಣ್ಣಗಿದೆ, ಮೊದಲು ನಾನು